ಎರಡು ಪದರದ ಲೆಕ್ಕ

ಮದುವೆ ಮನೆಯಲ್ಲಿ ಸುಪ್ರದ ಮುಂದೆ ಕೂತಾಗ ಪಕ್ಕದಲ್ಲಿದ್ದ ಹಿರಿಯರು ಕೇಳುವ ಮೊದಲ ಪ್ರಶ್ನೆ, "ಪಣಿ ಎಂತ ಮೋನೆ?" ನಾನು "ಕಂಪ್ಯೂಟರಿನಲ್ಲಿ" ಅನ್ನುತ್ತೇನೆ. ಅಷ್ಟಕ್ಕೆ ಮುಗಿಯುತ್ತದೆ. ಉಮ್ಮನನ್ನು ಕೇಳಿದರೆ, "ಅವನದ್ದು ಗಾಡಿ ಒಡೆಯುವ ಕೆಲಸ" ಅಂತಾರೆ. ನನಗಿಂತ ಉಮ್ಮನ ಉತ್ತರವೇ ಹೆಚ್ಚು ಸರಿ. ಕಾರು, ಬಸ್ಸು ತಯಾರಾಗುವ ಮೊದಲೇ ಅವುಗಳನ್ನು ಕಂಪ್ಯೂಟರಿನೊಳಗೆ ಗೋಡೆಗೆ, ಕಂಬಕ್ಕೆ, ಮನುಷ್ಯನ ತಲೆಯ ಆಕಾರದ ಗುಂಡಿಗೆ ಬಡಿಸಿ ಏನಾಗುತ್ತದೆ ಎಂದು ನೋಡುವುದು ನನ್ನ ಕೆಲಸ. ಮಂಗಳೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಹೋದವನು ಹನ್ನೆರಡು ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ.

ಆ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಮತ್ತು ಉಪ್ಪನ ಒಂದು ಹಳೆಯ ಸಾಲದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಎರಡೂ ಒಂದೇ ವಾರದಲ್ಲಿ ತೀರ್ಮಾನವಾದವು. ಅದಕ್ಕೇ ನನ್ನ ನೆನಪಿನಲ್ಲಿ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ.

ಉಪ್ಪನದ್ದು ಉಪ್ಪಿನಂಗಡಿಯಲ್ಲಿ ಬಟ್ಟೆ ಅಂಗಡಿ. ವರ್ಷಕ್ಕೊಮ್ಮೆ ಮದುವೆ ಸೀಸನಿಗೆ ಮೊದಲು ರಾಯಚೂರಿನ ಬಸ್ಸು ಹತ್ತಿ ನಾರಾಯಣಪೇಟೆಗೆ ಹೋಗಿ ಕೈಮಗ್ಗದ ಸೀರೆ ತರುತ್ತಿದ್ದರು. ಚೌಕಳಿ ಒಡಲು, ಬೇರೆ ಬಣ್ಣದ ಅಂಚಿನ ಆ ಸೀರೆಗಳಿಗೆ ನಮ್ಮ ಕಡೆಯ ಹೆಂಗಸರಲ್ಲಿ ಒಳ್ಳೆಯ ಬೇಡಿಕೆ ಇತ್ತು. ಲೆಕ್ಕದ ಪುಸ್ತಕ ಬರೆಯುತ್ತಿದ್ದದ್ದು ನನ್ನ ಮಾಮ, ಉಮ್ಮನ ತಮ್ಮ. ಅವರ ಅಕ್ಷರ ಮುದ್ರಿಸಿದ ಹಾಗೆ ಇರುತ್ತಿತ್ತು. ಒಂದು ರೂಪಾಯಿ ಹೆಚ್ಚು ಕಡಿಮೆ ಆಗುತ್ತಿರಲಿಲ್ಲ.

2004ರಲ್ಲಿ ಒಂದು ಸಂಜೆ ಮಗ್ರಿಬ್ ನಮಾಜು ಮುಗಿಸಿ ರಸ್ತೆ ದಾಟುತ್ತಿದ್ದ ಮಾಮನಿಗೆ ಒಂದು ವ್ಯಾನು ಬಡಿಯಿತು. ಅವರ ತಲೆ ಹೋಗಿ ಅಪ್ಪಳಿಸಿದ್ದು ವ್ಯಾನಿನ ಮುಂದಿನ ಗಾಜಿನ ಕೆಳಗಿನ ಅಂಚಿಗೆ. ಜೀವ ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಆಸ್ಪತ್ರೆಯಿಂದ ಬಂದ ಮೇಲೆ ಅವರಿಗೆ ಅಂಕಿ ಓದಲು ಬರಲಿಲ್ಲ. ನಮ್ಮೆಲ್ಲರ ಗುರುತು ಹಿಡಿಯುತ್ತಾರೆ, ನಗುತ್ತಾರೆ, ನಮಾಜು ತಪ್ಪಿಸುವುದಿಲ್ಲ. ಏಳು ಮತ್ತು ಎಂಟರ ವ್ಯತ್ಯಾಸ ಮಾತ್ರ ತಿಳಿಯುವುದಿಲ್ಲ. ಆಗ ನನಗೆ ಹದಿನಾಲ್ಕು ವರ್ಷ.

ಕಳೆದ ವರ್ಷ ಉಪ್ಪ ಉಮ್ಮ ಉಮ್ರಾಕ್ಕೆ ಹೊರಡುವುದೆಂದು ತೀರ್ಮಾನವಾಯಿತು. ಹೊರಡುವ ಮೊದಲು ಸಾಲ ತೀರಿಸಿ, ಮನಸ್ಸು ನೋಯಿಸಿದವರಲ್ಲಿ ಮಾಫು ಕೇಳಿ ಹೋಗುವುದು ನಮ್ಮಲ್ಲಿ ವಾಡಿಕೆ. ಉಪ್ಪ ಅಟ್ಟದಿಂದ ಹಳೆಯ ಪುಸ್ತಕಗಳನ್ನೆಲ್ಲ ಇಳಿಸಿ ಒಂದೊಂದು ಪುಟ ತಿರುವಿದರು. ಮಾಮ ಕೊನೆಯದಾಗಿ ಬರೆದ ಪುಸ್ತಕದಲ್ಲಿ ಒಂದು ಸಾಲು: "ಗದ್ವಾಲ, ಸೀರೆ 12. ಅರ್ಧ ಕೊಟ್ಟಿದೆ. ಬಾಕಿ 8,400. ಮನಿಯಾರ್ಡರ್ ಮಾಡಬೇಕು." ಅದರ ಮುಂದೆ ಅಡ್ಡಗೆರೆ ಇರಲಿಲ್ಲ. ತೀರಿದ ಸಾಲದ ಮೇಲೆ ಮಾಮ ಅಡ್ಡಗೆರೆ ಎಳೆಯದೆ ಬಿಡುವವರೇ ಅಲ್ಲ.

ಉಪ್ಪ ಅವತ್ತು ರಾತ್ರಿಯೇ ಫೋನ್ ಮಾಡಿದರು. "ನಾನು ಕೊಟ್ಟಾಗಿದೆ ಅಂತ ಅಂದುಕೊಂಡಿದ್ದೆ. ನೀನು ರಜೆ ಹಾಕಿ ಬಾ. ನನ್ನೊಬ್ಬನಿಂದ ಈಗ ಅಷ್ಟು ದೂರ ಆಗುವುದಿಲ್ಲ."

ಆ ಫೋನ್ ಬಂದಾಗ ನಾನು ಮೂರು ದಿನಗಳಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಕಾರಣ ಹೇಳಬೇಕಾದರೆ ಕೆಲಸದ ಬಗ್ಗೆ ಸ್ವಲ್ಪ ವಿವರಿಸಬೇಕು.

ಕಂಪ್ಯೂಟರಿಗೆ ಇಡೀ ಕಾರು ಒಂದೇ ಸಲಕ್ಕೆ ಅರ್ಥವಾಗುವುದಿಲ್ಲ. ಅದನ್ನು ಲಕ್ಷಾಂತರ ಸಣ್ಣ ತುಂಡುಗಳಾಗಿ ಕತ್ತರಿಸಿ ಕೊಡಬೇಕು. ಒಂದೊಂದು ತುಂಡಿಗೂ ಎಲಿಮೆಂಟ್ ಅನ್ನುತ್ತಾರೆ. ಇಟ್ಟಿಗೆಯ ಹಾಗಿರುವ ತುಂಡು ಸಾಲಿಡ್ ಎಲಿಮೆಂಟ್. ಆದರೆ ಕಾರಿನ ಬಹುಪಾಲು ತೆಳು ತಗಡು ಮತ್ತು ಗಾಜು. ತೆಳು ವಸ್ತುವನ್ನು ಇಟ್ಟಿಗೆಗಳಿಂದ ಕಟ್ಟಲು ಹೋದರೆ ಲೆಕ್ಕ ಮುಗಿಯುವುದೇ ಇಲ್ಲ. ಯಾಕೆಂದರೆ ಕಂಪ್ಯೂಟರು ಡಿಕ್ಕಿಯನ್ನು ಸಿನಿಮಾದ ಫ್ರೇಮುಗಳ ಹಾಗೆ ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುತ್ತದೆ. ಅತಿ ಸಣ್ಣ ತುಂಡನ್ನು ಶಬ್ದದ ಅಲೆ ದಾಟಲು ಹಿಡಿಯುವ ಸಮಯಕ್ಕಿಂತ ಒಂದು ಹೆಜ್ಜೆ ದೊಡ್ಡದಾಗಿರಬಾರದು. ಉಕ್ಕು ಮತ್ತು ಗಾಜಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 5,000 ಮೀಟರ್ ಓಡುತ್ತದೆ. 5 ಮಿಲಿಮೀಟರಿನ ತುಂಡಾದರೆ ಒಂದು ಹೆಜ್ಜೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ. 20 ಮಿಲಿಸೆಕೆಂಡಿನ ಡಿಕ್ಕಿಗೆ 20,000 ಹೆಜ್ಜೆ ಸಾಕು. ಅದೇ 2 ಮಿಲಿಮೀಟರ್ ಗಾಜನ್ನು ದಪ್ಪದಲ್ಲಿ ನಾಲ್ಕು ಇಟ್ಟಿಗೆಯಾಗಿ ಸೀಳಿದರೆ ಹೆಜ್ಜೆ ಹತ್ತು ಪಟ್ಟು ಸಣ್ಣದಾಗುತ್ತದೆ, ಎರಡು ಲಕ್ಷ ಹೆಜ್ಜೆ ಬೇಕಾಗುತ್ತದೆ. ತುಂಡುಗಳ ಸಂಖ್ಯೆಯೂ ಏರುತ್ತದೆ.

ಅದಕ್ಕೇ ಶೆಲ್ ಎಲಿಮೆಂಟ್. ಇದರಲ್ಲಿ ವಸ್ತುವಿನ ನಡುಮೈಯನ್ನು ಮಾತ್ರ ಕಾಗದದ ಹಾಗೆ ಬಿಡಿಸುತ್ತೇವೆ. ದಪ್ಪ ಎಷ್ಟು ಎಂಬುದನ್ನು ಅಂಕಿಯಾಗಿ ಬರೆದುಕೊಡುತ್ತೇವೆ. ಚಿತ್ರದಲ್ಲಿ ದಪ್ಪ ಇಲ್ಲ, ಲೆಕ್ಕದಲ್ಲಿ ಇದೆ. ಡಿಕ್ಕಿ ಲೆಕ್ಕ ಹಾಕುವ ಎಲ್‌ಎಸ್-ಡೈನಾ ಎಂಬ ಸಾಫ್ಟ್‌ವೇರಿನ ಮೂಲ 1976ರಲ್ಲಿ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಜಾನ್ ಹಾಲ್ಕ್ವಿಸ್ಟ್ ಬರೆದ ಡೈನಾ3ಡಿ. 1984ರಲ್ಲಿ ಬೆಲಿಚ್ಕೊ ಮತ್ತು ಸಂಗಡಿಗರು ಕೊಟ್ಟ ಶೆಲ್ ಸೂತ್ರ ಎಷ್ಟು ಹಗುರ ಎಂದರೆ ಇವತ್ತಿಗೂ ಕಾರಿನ ಡಿಕ್ಕಿ ಲೆಕ್ಕದಲ್ಲಿ ಅದು ಬಳಕೆಯಲ್ಲಿದೆ.

ತೊಡಕು ಇರುವುದು ಪದರಗಳಲ್ಲಿ. ಗಾಡಿಯ ಮುಂದಿನ ಗಾಜು ಒಂದೇ ಗಾಜಲ್ಲ. ಎರಡು ಗಾಜು, ನಡುವೆ ಪಿವಿಬಿ ಎಂಬ ಮೆದು ಪ್ಲಾಸ್ಟಿಕ್ ಹಾಳೆ. ಹಾಳೆಯ ದಪ್ಪ ಸಾಮಾನ್ಯವಾಗಿ 0.76 ಮಿಲಿಮೀಟರ್. ಗಾಜು ಒಡೆದರೂ ಚೂರುಗಳು ಆ ಹಾಳೆಗೆ ಅಂಟಿಕೊಂಡು ನಿಲ್ಲುತ್ತವೆ. 1903ರಲ್ಲಿ ಎದುವಾರ್ ಬೆನೆಡಿಕ್ಟಸ್ ಎಂಬ ಫ್ರೆಂಚ್ ರಸಾಯನ ತಜ್ಞರ ಕೈಯಿಂದ ಒಂದು ಗಾಜಿನ ಬುರುಡೆ ಬಿದ್ದು, ಒಳಗೆ ಒಣಗಿದ್ದ ಸೆಲ್ಯುಲೋಸ್ ಪೊರೆಯಿಂದಾಗಿ ಚೂರುಚೂರಾಗದೆ ಉಳಿಯಿತು. ಪದರದ ಗಾಜು ಹುಟ್ಟಿದ್ದು ಅಲ್ಲಿಂದ ಅನ್ನುತ್ತಾರೆ.

ನನಗೆ ಬಂದ ಕೆಲಸ ಹೀಗಿತ್ತು. ರಸ್ತೆಯಲ್ಲಿ ನಡೆಯುವವನ ತಲೆ ಗಾಜಿಗೆ ಬಡಿದರೆ ಎಷ್ಟು ಪೆಟ್ಟಾಗುತ್ತದೆ ಎಂದು ನೋಡಬೇಕು. ದೊಡ್ಡವರ ತಲೆಯ ಬದಲಿಗೆ 4.5 ಕಿಲೋದ ಗುಂಡು, ವೇಗ ಗಂಟೆಗೆ 35 ಕಿಲೋಮೀಟರ್. ಪೆಟ್ಟನ್ನು ಎಚ್‌ಐಸಿ ಎಂಬ ಅಂಕಿಯಲ್ಲಿ ಅಳೆಯುತ್ತಾರೆ. ನಮ್ಮ ಮಿತಿ 1,000. ಹಳೆಯ ಒಂದು ಮಾಡೆಲಿನಲ್ಲಿ ಒಂದೇ ಜಾಗದಲ್ಲಿ ಎರಡು ಶೆಲ್ ಇತ್ತು. ಒಂದು ಪೂರ್ತಿ ದಪ್ಪದ ಗಾಜು, ಇನ್ನೊಂದು ಒಡೆದ ಮೇಲೆ ಚೂರುಗಳನ್ನು ಹಿಡಿದಿಡುವ ಹಾಳೆ. ಅದು ಎಲ್ಲರೂ ಬಳಸುವ ಉಪಾಯ. ನಾನು ಒಳಗಿನ ಗಾಜು ಹೊರಗಿನ ಗಾಜು ಬೇರೆ ಬೇರೆ ಒಡೆಯುವುದನ್ನು ತೋರಿಸಬೇಕೆಂದು ಪೂರ್ತಿ ದಪ್ಪದ ಗಾಜನ್ನು ಎರಡು ಅರ್ಧ ಮಾಡಿದೆ. ಆದರೆ ಎರಡನ್ನೂ ಅದೇ ನಡುಮೈಯ ಮೇಲೆಯೇ ಬಿಟ್ಟೆ. ಅವುಗಳನ್ನು ತಮ್ಮ ತಮ್ಮ ಎತ್ತರಕ್ಕೆ ಸರಿಸಲಿಲ್ಲ.

ಇದರಿಂದ ಏನಾಯಿತು? ಹಾಳೆಯೊಂದು ಬಾಗದೆ ನಿಲ್ಲುವ ಬಲ ಅದರ ದಪ್ಪದ ಘನದ ಹಾಗೆ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಬಲ ಎಂಟು ಪಟ್ಟು. ಎರಡು ಹಾಳೆಗಳನ್ನು ಅಂಟಿಸದೆ ಒಂದರ ಮೇಲೊಂದು ಇಟ್ಟರೆ ಬಲ ಬರೀ ಎರಡು ಪಟ್ಟು. ನನ್ನ ಮಾಡೆಲಿನಲ್ಲಿ ಎರಡು ಗಾಜು ಅಂಟಿಸದ ಹಾಳೆಗಳ ಹಾಗೆ ವರ್ತಿಸಿದವು. ಎಂಟಿರಬೇಕಾದಲ್ಲಿ ಎರಡು, ಅಂದರೆ ಕಾಲುಭಾಗ. ಕೆಟ್ಟದ್ದೇನೆಂದರೆ ತೂಕ ಸರಿಯಾಗಿಯೇ ಬರುತ್ತದೆ. ಉದ್ದಕ್ಕೆ ಎಳೆದರೆ ತಡೆಯುವ ಬಲವೂ ಸರಿ ಬರುತ್ತದೆ. ನಾವು ಮಾಡುವ ಸಾಮಾನ್ಯ ಪರೀಕ್ಷೆಗಳಲ್ಲಿ ಎಲ್ಲ ಪಾಸು. ಬಾಗುವ ಬಲ ಮಾತ್ರ ಯಾರಿಗೂ ಕಾಣದೆ ಕಡಿಮೆಯಾಗಿತ್ತು. ಗಾಜು ನಿಜಕ್ಕಿಂತ ಮೆದುವಾದದ್ದರಿಂದ ತಲೆಗೆ ಪೆಟ್ಟು ನಿಜಕ್ಕಿಂತ ಕಡಿಮೆ ಕಂಡಿತು. ಎಲ್ಲ ಜಾಗಗಳೂ ಹಸಿರು. ವರದಿ ಗಿರಾಕಿಗೆ ಹೋಗಿ ಎರಡು ವಾರ ಆಗಿತ್ತು. ಲೀಡ್ ಎಲ್ಲರೆದುರು ನನ್ನನ್ನು ಹೊಗಳಿದ್ದರು.

ತಪ್ಪು ನನಗೆ ಸಿಕ್ಕಿದ್ದು ಬೇರೊಂದು ಕೆಲಸ ಮಾಡುವಾಗ. ಕಾಗದದ ಮೇಲೆ ಎರಡು ಸಾಲಿನ ಲೆಕ್ಕ ಹಾಕಿದೆ, ಎದೆ ಧಸಕ್ಕೆಂದಿತು. ಯಾರಿಗೂ ಹೇಳಲಿಲ್ಲ. ಗಾಡಿ ತಯಾರಾಗುವ ಮೊದಲು ಹೇಗೂ ನಿಜವಾದ ಪರೀಕ್ಷೆ ಮಾಡುತ್ತಾರಲ್ಲ, ಆಗ ಸಿಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಪರೀಕ್ಷೆಗೆ ಯಾವ ಜಾಗ ಆರಿಸಬೇಕೆಂದು ತೀರ್ಮಾನಿಸುವುದು ನಮ್ಮ ವರದಿಯ ಬಣ್ಣಗಳನ್ನು ನೋಡಿಯೇ. ಅದೂ ನನಗೆ ಗೊತ್ತಿತ್ತು.

ಹೀಗಿರುವಾಗ ಉಪ್ಪನ ಜೊತೆ ಹೊರಟೆ. ಬೆಳಿಗ್ಗೆ ರಾಯಚೂರು. ಅಲ್ಲಿಂದ ಶಕ್ತಿನಗರದ ಚಿಮಣಿಗಳನ್ನು ದಾಟಿ, ಕೃಷ್ಣಾ ನದಿ ದಾಟಿದರೆ ತೆಲಂಗಾಣ. ಬೋರ್ಡುಗಳು ತೆಲುಗಿಗೆ ತಿರುಗುತ್ತವೆ, ಮಾತು ಅಷ್ಟು ಬೇಗ ತಿರುಗುವುದಿಲ್ಲ. 1956ರವರೆಗೆ ಎರಡೂ ದಡ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಮಖ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕೊಟ್ಟವನು ಉಪ್ಪನ ಟೊಪ್ಪಿ ನೋಡಿ ದಖನಿ ಉರ್ದುವಿನಲ್ಲಿ ಮಾತಾಡಿದ, ನಮ್ಮ ಮಾತು ಕೇಳಿ ಕನ್ನಡಕ್ಕೆ ಬಂದ. "ಮಂಗ್ಳೂರಿನವ್ರೇನ್ರಿ? ಅಷ್ಟು ದೂರದಿಂದ ಬಂದೀರಿ, ಕುಂದ್ರಿ" ಅಂದ.

ಮೊದಲು ನಾರಾಯಣಪೇಟೆ. 2019ರಿಂದ ಅದೇ ಒಂದು ಜಿಲ್ಲೆಯಾಗಿದೆ. ಉಪ್ಪ ವ್ಯಾಪಾರ ಮಾಡುತ್ತಿದ್ದ ಅಂಗಡಿಯ ಹಿರಿಯರು ತೀರಿಹೋಗಿದ್ದರು. ಮೊಮ್ಮಗ ಕೂತಿದ್ದ. ಉಪ್ಪ ಸೀರೆಯ ಮಡಿಕೆ ಬಿಚ್ಚಿ ಬೆರಳಿನಿಂದ ಉಜ್ಜಿ ನೋಡಿದ ರೀತಿಗೇ ಆ ಹುಡುಗ ಎದ್ದು ನಿಂತ. ಇಲ್ಲಿ ಮಗ್ಗಕ್ಕೆ ಒಮ್ಮೆ ಹಾಸು ಏರಿಸಿದರೆ ಎಂಟು ಸೀರೆ ಸಾಲಾಗಿ ನೇಯುತ್ತಾರೆ ಎಂದು ಉಪ್ಪ ನನಗೆ ಹೇಳಿದರು. ಅಷ್ಟು ವರ್ಷ ಅಂಗಡಿಯಲ್ಲಿ ಬೆಳೆದರೂ ನನಗದು ಗೊತ್ತಿರಲಿಲ್ಲ. ಗದ್ವಾಲದ ನೇಕಾರರ ಹೆಸರು ಹೇಳಿದಾಗ ಹುಡುಗ ಯಾರಿಗೋ ಫೋನ್ ಮಾಡಿ ಓಣಿಯ ಗುರುತು ಕೊಟ್ಟ.

ಮಖ್ತಲಿಗೆ ವಾಪಸ್ ಬಂದು ಜುರಾಲಾ ಅಣೆಕಟ್ಟಿನ ಮೇಲಿನ ರಸ್ತೆಯಾಗಿ ಗದ್ವಾಲಕ್ಕೆ ಹೋಗಲು ಒಂದು ಟೆಂಪೋ ಹತ್ತಿದೆವು. ಅದರ ಮುಂದಿನ ಗಾಜಿಗೆ ಎಲ್ಲೋ ಕಲ್ಲು ಬಡಿದು ಜೇಡರ ಬಲೆಯ ಹಾಗೆ ಬಿರುಕು ಬಿಟ್ಟಿತ್ತು. ಚಾಲಕನ ಪಕ್ಕ ಕೂತಿದ್ದ ಉಪ್ಪ ಬಹಳ ಹೊತ್ತು ಅದನ್ನೇ ನೋಡಿದರು.

"ಇದು ಬೀಳುವುದಿಲ್ಲ ಯಾಕೆ?"

ಹೇಳಿದೆ. ಎರಡು ಗಾಜು, ನಡುವೆ ಹಾಳೆ. ಹಾಳೆ ಬಿಸಿಲಿಗೆ ಮೆದುವಾಗುತ್ತದೆ, ಚಳಿಗೆ ಗಡಸಾಗುತ್ತದೆ. ನಿಧಾನ ಒತ್ತಿದರೆ ಬಗ್ಗುತ್ತದೆ, ಹಠಾತ್ತಾಗಿ ಬಡಿದರೆ ಗಟ್ಟಿ ನಿಲ್ಲುತ್ತದೆ. ಬಡಿತದ ಆ ಕ್ಷಣದಲ್ಲಿ ಎರಡು ಗಾಜನ್ನೂ ಒಂದೇ ಮಾಡಿ ಹಿಡಿಯುತ್ತದೆ. ಉಪ್ಪನ ಚೀಲದಲ್ಲಿ ಮಾಮನ ಲೆಕ್ಕದ ಪುಸ್ತಕ ಇತ್ತು. ಅದನ್ನು ತೆಗೆದು ಬಗ್ಗಿಸಿ ತೋರಿಸಿದೆ. "ಹಾಳೆಗಳು ಒಂದರ ಮೇಲೊಂದು ಜಾರುತ್ತವೆ ನೋಡಿ, ಅದಕ್ಕೆ ಬಗ್ಗುತ್ತದೆ. ಎಲ್ಲ ಹಾಳೆಗೂ ಗೋಂದು ಹಚ್ಚಿದರೆ ಹಲಗೆಯ ಹಾಗಾಗುತ್ತದೆ." ಹೇಳುತ್ತಾ ಹೇಳುತ್ತಾ ತಪ್ಪಿನ ವಿಷಯವೂ ಬಾಯಿಂದ ಬಂದುಬಿಟ್ಟಿತು.

ಉಪ್ಪ ಓದಿದ್ದು ಏಳನೆಯ ತರಗತಿ. ಒಂದೇ ಸಲಕ್ಕೆ ಅರ್ಥ ಮಾಡಿಕೊಂಡರು.

"ಅಂದರೆ ನಿನ್ನ ಲೆಕ್ಕದಲ್ಲಿ ಗಾಜು ಇದ್ದದ್ದಕ್ಕಿಂತ ಮೆದು."

"ಹೌದು."

"ಬಡಿಯುವ ತಲೆ ಯಾರದ್ದು?"

"ರಸ್ತೆ ದಾಟುವವರದ್ದು."

ಉಪ್ಪ ಏನೂ ಹೇಳಲಿಲ್ಲ. ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಚೀಲಕ್ಕೆ ಹಾಕಿದರು. ಟೆಂಪೋ ಅಣೆಕಟ್ಟಿನ ಮೇಲೆ ಬಂದಾಗ, ನೀರು ನೋಡುತ್ತಾ, "ಹೇಳಿದ್ದೀಯಾ?" ಎಂದು ಕೇಳಿದರು. ಇಲ್ಲ ಅಂದೆ. ಗದ್ವಾಲ ತಲುಪುವವರೆಗೆ ಇಬ್ಬರೂ ಮಾತಾಡಲಿಲ್ಲ.

ಕೋಟೆಯಿಂದ ಸ್ವಲ್ಪ ದೂರದ ಓಣಿಯಲ್ಲಿ ಮನೆ ಸಿಕ್ಕಿತು. ಸೀರೆ ಕೊಟ್ಟಿದ್ದ ನೇಕಾರರು ಹತ್ತು ವರ್ಷದ ಹಿಂದೆಯೇ ತೀರಿಕೊಂಡಿದ್ದರು. ಅವರ ಹೆಂಡತಿ ಮತ್ತು ನನ್ನದೇ ವಯಸ್ಸಿನ ಮಗ ಇದ್ದರು. ಆ ತಾಯಿಯ ತವರು ರಾಯಚೂರಿನ ಕಡೆ, ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಉಪ್ಪ ಪುಸ್ತಕ ತೆರೆದು ಸಾಲು ತೋರಿಸಿದರು. ಅಮ್ಮ ಓದಲಾರರು, ಮಗನಿಗೆ ಕನ್ನಡ ಲಿಪಿ ಬಾರದು. ನಾನೇ ಓದಿ ಹೇಳಿದೆ.

"ನಮಗ ನೆನಪೇ ಇಲ್ರಿ ಸಾಹೇಬ್ರ. ಅವ್ರು ಹೋಗೋವಾಗ ಯಾರ ಹೆಸರೂ ಹೇಳಲಿಲ್ಲ. ಬಿಡ್ರಿ."

"ನಿಮಗೆ ನೆನಪಿಲ್ಲದಿರಬಹುದು ಅಕ್ಕಾ. ನನ್ನ ಪುಸ್ತಕಕ್ಕೆ ನೆನಪಿದೆ" ಅಂದರು ಉಪ್ಪ.

8,400 ರೂಪಾಯಿ ಎಣಿಸಿ ಕೊಟ್ಟರು. ಆಮೇಲೆ ಈಗ ಅಂಥ ಸೀರೆಗೆ ಎಷ್ಟು ಎಂದು ಮಗನನ್ನು ಕೇಳಿದರು. ಇನ್ನೊಂದು ಕವರು ತೆಗೆದು, "ಇದು ಬಡ್ಡಿ ಅಲ್ಲ. ಬಡ್ಡಿ ನಾನು ಕೊಡುವುದೂ ಇಲ್ಲ, ತಗೊಳ್ಳುವುದೂ ಇಲ್ಲ. ತಡ ಮಾಡಿದ್ದಕ್ಕೆ ನನ್ನ ಸಂತೋಷಕ್ಕೆ ಕೊಡುವುದು. ಮಾಫು ಮಾಡಿದ್ದೇವೆ ಅಂತ ಬಾಯಲ್ಲಿ ಹೇಳಿ" ಅಂದರು. ಆ ತಾಯಿ ಹೇಳಿದರು. ಉಪ್ಪ ಪೆನ್ನು ತೆಗೆದು ಮಾಮನ ಸಾಲಿನ ಮೇಲೆ ಅಡ್ಡಗೆರೆ ಎಳೆದು ತಾರೀಕು ಹಾಕಿದರು.

ಚಹಾ ಆದ ಮೇಲೆ ಮಗ ಮಗ್ಗ ತೋರಿಸಿದ. ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಒಡಲಿಗೆ ಒಂದು ಲಾಳಿ, ಅಂಚುಗಳಿಗೆ ಬೇರೆ ಲಾಳಿ. ಒಡಲಿನ ಹೊಕ್ಕು ನೂಲು ಅಂಚಿನ ಹೊಕ್ಕು ನೂಲನ್ನು ಕೊಂಡಿ ಹಾಕಿ ಹಿಂದಿರುಗಬೇಕು. ಪ್ರತಿ ಸಾಲಿಗೂ ಹಾಗೆ. ಹೊಲಿಗೆಯೂ ಇಲ್ಲ, ಅಂಟೂ ಇಲ್ಲ. ಎರಡು ಬೇರೆ ಸ್ವಭಾವದ ಬಟ್ಟೆ ಒಂದಾಗುವುದು ಆ ಕೊಂಡಿಯಿಂದ ಮಾತ್ರ.

"ಒಂದು ನಾಲ್ಕು ಸಾಲು ಕೊಂಡಿ ತಪ್ಪಿದರೆ?" ಎಂದು ಕೇಳಿದೆ.

"ಮಡಿಚಿಟ್ರ ಕಾಣಂಗಿಲ್ಲ. ತೂಕ ಅಷ್ಟೇ, ಬಣ್ಣ ಅಷ್ಟೇ. ಉಟ್ಟು ನಡದಾಗ ಅಲ್ಲೇ ಬಿಡ್ತದ."

"ಗೊತ್ತಾದರೆ ಏನು ಮಾಡುತ್ತೀರಿ?"

ಅವನಿಗೆ ನನ್ನ ಪ್ರಶ್ನೆ ವಿಚಿತ್ರವಾಗಿ ಕಂಡಿರಬೇಕು. "ಬಿಚ್ಚಬೇಕಲ್ರಿ, ಮತ್ತೇನು?" ಅಂದ.

ಗದ್ವಾಲ ಸ್ಟೇಷನ್ನಿನಲ್ಲಿ ರಾಯಚೂರಿನ ರೈಲಿಗೆ ಕಾಯುವಾಗ ಲೀಡ್‌ಗೆ ಫೋನ್ ಮಾಡಿದೆ. ತಪ್ಪು ಎಲ್ಲಿ, ಯಾಕೆ ಯಾರಿಗೂ ಕಾಣಲಿಲ್ಲ, ಅದರಿಂದ ಯಾವ ದಿಕ್ಕಿಗೆ ವಾಲಿದೆ, ಎಲ್ಲ ಹೇಳಿದೆ. ಮೂರು ದಿನ ಸುಮ್ಮನಿದ್ದೆ ಎಂಬುದನ್ನೂ ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಉತ್ತರ ಬರಲಿಲ್ಲ. ಕೊನೆಗೆ, "ಬರಹದಲ್ಲಿ ಕಳಿಸು. ಗಿರಾಕಿಗೆ ನಾನೇ ಹೇಳುತ್ತೇನೆ" ಅಂದರು. ಉಪ್ಪ ಪಕ್ಕದ ಬೆಂಚಿನಲ್ಲಿ ತಸ್ಬೀಹ್ ಎಣಿಸುತ್ತಿದ್ದರು. ಕೇಳಿಸಿತೋ ಇಲ್ಲವೋ ತೋರಿಸಲಿಲ್ಲ. ಫೋನ್ ಇಟ್ಟ ಮೇಲೆ ಒಂದು ಮೂಸಂಬಿ ಸುಲಿದು ಅರ್ಧ ನನಗೆ ಕೊಟ್ಟರು.

ಆಫೀಸಿಗೆ ಹೋದ ಮೇಲೆ ಸುಲಭವಾಗಿರಲಿಲ್ಲ. ಗಿರಾಕಿ ಸಿಟ್ಟಾದರು. ಆ ವರ್ಷ ನನಗೆ ಸಂಬಳ ಏರಲಿಲ್ಲ. ಎರಡು ವಾರ ಹಗಲು ರಾತ್ರಿ ಕೂತು ಮಾಡೆಲನ್ನು ಮತ್ತೆ ಕಟ್ಟಿದೆವು. ಎರಡು ಗಾಜಿಗೂ ಬೇರೆ ಬೇರೆ ಶೆಲ್, ಅವುಗಳದ್ದೇ ಎತ್ತರದಲ್ಲಿ. ನಡುವಿನ ಹಾಳೆಗೆ ಸಾಲಿಡ್ ಎಲಿಮೆಂಟ್. ಒಂದೇ ಶೆಲ್ ಒಳಗೆ ಮೂರು ಪದರ ತುಂಬುವ ವಿಧಾನವೂ ಇದೆ. ಆದರೆ ನಡುವಿನ ಹಾಳೆ ಮೆದುವಾಗಿದ್ದು ಅದರಲ್ಲಿ ಪದರಗಳು ಜಾರುವಾಗ, ಅಡ್ಡಕೊಯ್ತ ನೇರವಾಗಿಯೇ ಇರುತ್ತದೆ ಎಂಬ ಆ ವಿಧಾನದ ನಂಬಿಕೆ ಸರಿಹೋಗುವುದಿಲ್ಲ, ಗಾಜು ಹೆಚ್ಚು ಗಡಸಾಗಿ ಕಾಣುತ್ತದೆ. ಮೆದು ವಸ್ತುವಿನಲ್ಲಿ ಶಬ್ದ ನಿಧಾನ ಓಡುವುದರಿಂದ ಆ ತೆಳು ಸಾಲಿಡ್ ನಮ್ಮ ಹೆಜ್ಜೆಯನ್ನು ತೀರಾ ಸಣ್ಣದು ಮಾಡಲಿಲ್ಲ.

ಹೊಸ ಲೆಕ್ಕದಲ್ಲಿ ಗಾಜಿನ ನಡುಭಾಗ ಹಸಿರಾಗಿಯೇ ಉಳಿಯಿತು. ಕೆಳಗಿನ ಅಂಚಿನ ಹತ್ತಿರ ಎರಡು ಜಾಗ ಕೆಂಪಾಯಿತು. ಮಾಮನ ತಲೆ ಬಡಿದದ್ದೂ ಅಂಥದ್ದೇ ಜಾಗಕ್ಕೆ. ಗಿರಾಕಿ ಆ ಅಂಚಿನ ಅಡಿಯಲ್ಲಿದ್ದ ಒಂದು ಬ್ರಾಕೆಟ್ಟನ್ನು ಬದಲಿಸಿದರು. ಈಗ ಪೆಟ್ಟು ಬಿದ್ದರೆ ಅದು ಮಡಿಚಿಕೊಳ್ಳುತ್ತದೆ. ನಮ್ಮ ತಂಡದಲ್ಲಿ ಈಗ ಪದರದ ವಸ್ತು ಬಂದರೆ ಮೊದಲು ಒಂದು ಸಣ್ಣ ಪಟ್ಟಿಯನ್ನು ಎರಡು ಆಧಾರದ ಮೇಲೆ ಇಟ್ಟು ನಡುವೆ ಭಾರ ಹಾಕಿ, ಬಾಗಿದ್ದನ್ನು ಕೈಲೆಕ್ಕದ ಜೊತೆ ಹೋಲಿಸಬೇಕೆಂಬ ನಿಯಮ ಇದೆ. ಎರಡಕ್ಕೆ ಹತ್ತಿರವೋ ಎಂಟಕ್ಕೆ ಹತ್ತಿರವೋ ಎಂದು ಅದರಲ್ಲೇ ಗೊತ್ತಾಗುತ್ತದೆ. ಹತ್ತು ನಿಮಿಷದ ಕೆಲಸ.

ಉಪ್ಪ ಉಮ್ಮ ಉಮ್ರಾ ಮುಗಿಸಿ ಬಂದರು. ಗದ್ವಾಲದ ತಾಯಿ ಒತ್ತಾಯ ಮಾಡಿ ಕೊಟ್ಟ ಒಂದು ಸೀರೆ ಉಮ್ಮನ ಕಪಾಟಿನಲ್ಲಿದೆ. ಲೆಕ್ಕದ ಪುಸ್ತಕವನ್ನು ಉಪ್ಪ ಅಟ್ಟಕ್ಕೆ ಏರಿಸದೆ ಮಾಮನಿಗೆ ಕೊಟ್ಟಿದ್ದಾರೆ. ಮೊನ್ನೆ ಊರಿಗೆ ಹೋದಾಗ ಮಾಮ ಅದನ್ನು ತೊಡೆಯ ಮೇಲಿಟ್ಟುಕೊಂಡು ಪುಟ ತಿರುವುತ್ತಿದ್ದರು. ಅಂಕಿಗಳು ಅವರಿಗೆ ಈಗಲೂ ತಿಳಿಯುವುದಿಲ್ಲ. ಆ ಪುಟ ಬಂದಾಗ ಬೆರಳಿಟ್ಟು ಅಡ್ಡಗೆರೆ ತೋರಿಸಿ, "ತೀರಿತಲ್ಲ?" ಎಂದು ಕೇಳಿದರು.

"ತೀರಿತು ಮಾಮ" ಅಂದೆ.